ತಾರಸಿಯ ಗ್ಯಾಸ್ ಗ್ರಿಲ್: ಐದು ವರ್ಷಗಳ ಬಳಕೆಯ ನಂತರ

ರಾಜಾಜಿನಗರದ ನಮ್ಮ ಮನೆಯ ತಾರಸಿಯಲ್ಲಿ ಮೂರು ಬರ್ನರ್‌ಗಳ ಗ್ಯಾಸ್ ಗ್ರಿಲ್ ಒಂದನ್ನು ಐದು ವರ್ಷಗಳಿಂದ ಬಳಸುತ್ತಿದ್ದೇನೆ. ತಿಂಗಳಿಗೆ ಎರಡು ಮೂರು ಭಾನುವಾರ ಅದರ ಮೇಲೆ ಕೋಳಿ, ಪನೀರ್, ಮುಸುಕಿನ ಜೋಳ ಬೇಯುತ್ತವೆ. ಗೊಜ್ಜಿಗೆಂದು ಅಮ್ಮ ಬದನೆಕಾಯಿ ಸುಡುವುದೂ ಈಗ ಅದರಲ್ಲೇ. ಉರಿ ಸಮನಾಗಿ ಹರಡುತ್ತದೆ, ಮುಚ್ಚಳ ಕಾವನ್ನು ಚೆನ್ನಾಗಿ ಹಿಡಿದಿಡುತ್ತದೆ. ಅಡುಗೆಯ ಮಟ್ಟಿಗೆ ನನಗೆ ಯಾವ ದೂರೂ ಇಲ್ಲ. ಆದರೆ ಮಾರುವಾಗ ಅಂಗಡಿಯವರು ಜಾಲರಿ ಉಜ್ಜುವುದನ್ನು ತೋರಿಸಿಕೊಟ್ಟರೇ ಹೊರತು, ಅನಿಲ ಹರಿದು ಬರುವ ದಾರಿಯ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಆದ್ದರಿಂದ ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಕೊಂಡ ಎರಡನೆಯ ವರ್ಷ, ಮಳೆಗಾಲವಿಡೀ ಹೊದಿಕೆಯೊಳಗೆ ಮುಚ್ಚಿಟ್ಟಿದ್ದ ಗ್ರಿಲ್ಲನ್ನು ದೀಪಾವಳಿಯ ಹೊತ್ತಿಗೆ ಹಚ್ಚಿದಾಗ, ನಡುವಿನ ಬರ್ನರ್‌ನ ರಂಧ್ರಗಳಲ್ಲಿ ಕಾಣಬೇಕಿದ್ದ ಜ್ವಾಲೆ ತಿರುಗುಗುಬ್ಬಿಯ ಹಿಂಬದಿಯಲ್ಲಿ ಭುಗ್ಗೆಂದು ಎದ್ದಿತು. ತಕ್ಷಣ ಸಿಲಿಂಡರ್‌ನ ರೆಗ್ಯುಲೇಟರನ್ನು ಬಂದ್ ಮಾಡಿದೆ. ಕೆಲವೇ ಕ್ಷಣಗಳಲ್ಲಿ ಉರಿ ಆರಿತು. ಮರುದಿನ ಬರ್ನರ್ ಕೊಳವೆಯನ್ನು ಕಳಚಿ ಬೆಳಕಿಗೆ ಹಿಡಿದು ನೋಡಿದರೆ, ಅನಿಲ ಒಳಸೇರುವ ಬಾಯಿಯ ಬಳಿ ಹಿಂಜಿದ ಹತ್ತಿಯಂತೆ ಬೆಳ್ಳಗೆ, ದಟ್ಟವಾಗಿ ಜೇಡರ ಬಲೆ ಕಟ್ಟಿತ್ತು. ಅನಿಲವು ಗಾಳಿಯೊಡನೆ ಬೆರೆಯುವ ಜಾಗ ಅದು. ಅಲ್ಲಿ ದಾರಿ ಕಟ್ಟಿಕೊಂಡರೆ ಅನಿಲ ಮುಂದೆ ಹೋಗಲಾರದೆ ಹಿಂದಕ್ಕೆ ಚೆಲ್ಲಿ, ನಿಯಂತ್ರಕಗಳ ಬಳಿಯೇ ಹೊತ್ತಿಕೊಳ್ಳುತ್ತದೆ. ಗ್ರಾಹಕ ಸೇವೆಗೆ ಕರೆ ಮಾಡಿದಾಗ, ಹೊದಿಕೆ ಹಾಕದಿದ್ದರೆ ಹೀಗಾಗುತ್ತದೆ ಎಂದರು. ಹೊದಿಕೆ ಹಾಕಿಯೇ ಇತ್ತು. ಜೇಡಕ್ಕೆ ಬೇಕಾದ ಕತ್ತಲೆಯನ್ನೂ ನೆಮ್ಮದಿಯನ್ನೂ ಆ ಹೊದಿಕೆಯೇ ಕೊಟ್ಟಿತ್ತು.

ಅಂದಿನಿಂದ ವರ್ಷಕ್ಕೆ ಎರಡು ಬಾರಿ ಮೂರೂ ಕೊಳವೆಗಳನ್ನು ಕಳಚಿ, ಬಾಟಲಿ ತೊಳೆಯುವ ಉದ್ದ ಬ್ರಷ್‌ನಿಂದ ಒಳಗನ್ನು ಉಜ್ಜುತ್ತೇನೆ. ಮುಚ್ಚಿಹೋದ ರಂಧ್ರಗಳನ್ನು ಸಣ್ಣ ತಂತಿಯಿಂದ ಬಿಡಿಸುವಾಗ ಅವು ಅಗಲವಾಗದಂತೆ ನೋಡಿಕೊಳ್ಳಬೇಕು. ಜ್ವಾಲೆ ನೀಲಿಯಾಗಿದ್ದರೆ ಸರಿ. ಹಳದಿಯಾಗಿ ಉದ್ದಕ್ಕೆ ನಾಲಿಗೆ ಚಾಚಿದರೆ ಗಾಳಿ ಸಾಲುತ್ತಿಲ್ಲವೆಂದು ತಿಳಿದು, ಆರಿಸಿ ಕೊಳವೆಯನ್ನು ಪರೀಕ್ಷಿಸುತ್ತೇನೆ. ಹಚ್ಚುವಾಗ ಮುಚ್ಚಳ ತೆರೆದೇ ಇರಬೇಕು ಎಂಬುದನ್ನು ಮನೆಯ ಎಲ್ಲರಿಗೂ ಹೇಳಿಕೊಟ್ಟಿದ್ದೇನೆ.

ಸಿಲಿಂಡರ್ ಇಡುವ ಜಾಗವೂ ಅಷ್ಟೇ ಮುಖ್ಯ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದ ಅನಿಲ ಮೇಲೇರದೆ ನೆಲದಲ್ಲೇ ಹರಡಿ ತಗ್ಗನ್ನು ಹುಡುಕುತ್ತದೆ. ನಮ್ಮ ತಾರಸಿಯ ಸುತ್ತ ಮೂರಡಿ ಎತ್ತರದ ಮೋಟುಗೋಡೆಯಿದೆ, ಮೂಲೆಯಲ್ಲಿ ಮಳೆನೀರನ್ನು ಕೆಳಗಿನ ಸಂಪಿಗೆ ಒಯ್ಯುವ ಪೈಪಿನ ಬಾಯಿಯಿದೆ. ಮೊದಲು ಗ್ರಿಲ್ ನಿಂತಿದ್ದುದು ಆ ಮೂಲೆಯಲ್ಲೇ. ಈಗ ಅದನ್ನು ಎದುರು ಬದಿಗೆ, ಗಾಳಿಯಾಡುವಲ್ಲಿಗೆ ಸರಿಸಿದ್ದೇನೆ. ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತೇನೆ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ಆದರೆ ತಾರಸಿಯ ಬಿಸಿಲಿಗೆ ನಮ್ಮದು ಮೂರನೆಯ ವರ್ಷದಲ್ಲೇ ಸೀಳು ತೋರಿಸಿದ್ದರಿಂದ ಆಗಲೇ ಬದಲಿಸಿದೆ. ಅನಿಲ ಸೋರಿಕೆಗೆ ಕರೆ ಮಾಡಬೇಕಾದ 1906 ಸಂಖ್ಯೆಯನ್ನು ಗ್ರಿಲ್‌ನ ಪಕ್ಕದ ಗೋಡೆಯ ಮೇಲೆಯೇ ಬರೆದಿಟ್ಟಿದ್ದೇವೆ.

ಜಾಲರಿಯ ವಿಷಯಕ್ಕೆ ಬಂದರೆ, ಜೊತೆಗೆ ಕೊಟ್ಟಿದ್ದ ಉಕ್ಕಿನ ತಂತಿಯ ಬ್ರಷ್ಷನ್ನು ಒಂದು ವರ್ಷದೊಳಗೇ ಎಸೆದೆ. ಸುಟ್ಟ ಬದನೆಕಾಯಿಯ ಸಿಪ್ಪೆ ಬಿಡಿಸುತ್ತಿದ್ದ ಅಮ್ಮನ ಬೆರಳಿಗೆ ಕೂದಲಿನಷ್ಟು ತೆಳುವಾದ ತಂತಿಯೊಂದು ಚುಚ್ಚಿತ್ತು. ಅದು ಗೊಜ್ಜಿನಲ್ಲಿ ಸೇರಿ ಗಂಟಲಿಗೆ ಇಳಿದಿದ್ದರೆ ಎಂದು ಇಂದಿಗೂ ಮೈ ಜುಮ್ಮೆನ್ನುತ್ತದೆ. ಈಗ ದೋಸೆಯ ಕಾವಲಿಗೆ ಮಾಡುವಂತೆಯೇ, ಜಾಲರಿ ಬಿಸಿಯಿರುವಾಗ ಅರ್ಧ ಈರುಳ್ಳಿಯನ್ನು ಉದ್ದನೆಯ ಫೋರ್ಕಿಗೆ ಸಿಕ್ಕಿಸಿ ಉಜ್ಜಿ, ಆರಿದ ಮೇಲೆ ತೆಂಗಿನ ನಾರಿನಿಂದ ತಿಕ್ಕಿ, ತೆಳುವಾಗಿ ಎಣ್ಣೆ ಸವರುತ್ತೇನೆ. ಐದು ಮಳೆಗಾಲ ಕಳೆದರೂ ಎರಕದ ಕಬ್ಬಿಣದ ಜಾಲರಿಗೆ ತುಕ್ಕು ಹಿಡಿದಿಲ್ಲ. ಹೊರಮೈಯನ್ನು ಬೋರ್‌ವೆಲ್ ನೀರಿನಲ್ಲಿ ಒರೆಸಿದರೆ ಬಿಳಿ ಕಲೆ ಉಳಿಯುತ್ತದೆ, ಒಣಬಟ್ಟೆಯಿಂದ ಕೂಡಲೇ ಒರೆಸಿಬಿಡಬೇಕು.

ಈ ಗ್ರಿಲ್‌ನ ನಿಜವಾದ ದೋಷ ಜಿಡ್ಡು ಇಳಿಯುವ ತಟ್ಟೆಯಲ್ಲಿದೆ. ಅದು ಎರಡು ಬೆರಳಿನಷ್ಟೂ ಆಳವಿಲ್ಲ. ಒಂದು ಪೂರ್ತಿ ಕೋಳಿಯ ಕೊಬ್ಬು ಇಳಿದರೆ ಅಂಚಿನವರೆಗೆ ತುಂಬುತ್ತದೆ. ತಟ್ಟೆಯ ಜಿಡ್ಡಿಗೆ ಬೆಂಕಿ ಹಿಡಿದಾಗ ನೀರು ಸುರಿದರೆ ಉರಿಯುವ ಕೊಬ್ಬು ಸುತ್ತಲೂ ಸಿಡಿಯುತ್ತದೆ, ಆದ್ದರಿಂದ ಅನಿಲವನ್ನು ಬಂದ್ ಮಾಡಿ ಮುಚ್ಚಳ ಹಾಕಿ ದೂರ ಸರಿಯಬೇಕು. ನಮ್ಮಲ್ಲಿ ಅಂಥ ಪ್ರಸಂಗ ಬಂದಿಲ್ಲ, ಏಕೆಂದರೆ ಅಡುಗೆಯಾದ ಪ್ರತಿ ಸಲವೂ ಆರಿದ ಬಳಿಕ ತಟ್ಟೆಯನ್ನು ಬರಿದು ಮಾಡಿ ಸೀಗೆಪುಡಿ ಹಾಕಿ ತಿಕ್ಕುತ್ತೇವೆ. ಜಿಡ್ಡು ಬಿಡಿಸುವುದರಲ್ಲಿ ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ನಾಲ್ಕನೆಯ ವರ್ಷ ತೂತುಬಿದ್ದ ಬರ್ನರ್ ಒಂದನ್ನು ಬದಲಿಸಲು ಬಿಡಿಭಾಗಕ್ಕಾಗಿ ಏಳು ವಾರ ಕಾಯಬೇಕಾಯಿತು. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಆ ತಟ್ಟೆಗೂ ಬಿಡಿಭಾಗದ ಕಾಯುವಿಕೆಗೂ ಸೇರಿದ್ದು. ಯಾವ ಗ್ರಿಲ್ಲನ್ನೇ ಕೊಳ್ಳುವವರಿದ್ದರೂ, ಹಣ ಕೊಡುವ ಮೊದಲು ಬರ್ನರ್ ಕೊಳವೆಯನ್ನು ನಿಮ್ಮ ಮುಂದೆಯೇ ಕಳಚಿ, ಮತ್ತೆ ಕೂರಿಸಿ ತೋರಿಸುವಂತೆ ಅಂಗಡಿಯವರನ್ನು ಕೇಳಿ.