ಕಾಸರಗೋಡಿನ ಭಾನುವಾರದ ಬಯಾಲಜಿ ಕ್ಲಾಸ್: ನಾಲ್ಕು ತಿಂಗಳು ಹೋದವಳ ಅನಿಸಿಕೆ

ನಾನು ಪೆರ್ಲ ಕಡೆಯವಳು, ಹತ್ತನೇ ವರೆಗೆ ಕನ್ನಡ ಮೀಡಿಯಂ. ಬಿಎಸ್ಸಿ ಝೂವಾಲಜಿಗೆ ಸೇರಿದರೆ ಪಾಠ ಇಂಗ್ಲಿಷಿನಲ್ಲಿ, ಸಂಶಯ ಕೇಳಿದರೆ ವಿವರಣೆ ಮಲಯಾಳದಲ್ಲಿ. ಹಾರ್ಮೋನು ಪಾಠ ಬಂದಾಗ ಪೂರ್ತಿ ಕಂಗಾಲಾದೆ. ಆಗ ಸೀನಿಯರ್ ಒಬ್ಬಳು ಹೊಸ ಬಸ್‌ಸ್ಟ್ಯಾಂಡ್ ಹತ್ತಿರ ಮಾಳಿಗೆಯಲ್ಲಿ ನಡೆಯುವ ಈ ಕ್ಲಾಸಿಗೆ ಕರೆದುಕೊಂಡು ಹೋದಳು. ಕಲಿಸುವವರು ಕಾಲೇಜಿನಿಂದ ನಿವೃತ್ತರಾದ ಟೀಚರ್. ಪಾಠ ಕನ್ನಡದಲ್ಲೇ.

ಬೆಳವಣಿಗೆ ಹಾರ್ಮೋನಿನ ಪಾಠವನ್ನು ಅವರು ಮಾಡಿದ್ದು ಮೂರು ಭಾನುವಾರ. ಮೊದಲ ದಿನ ಬ್ಯಾಗಿನಿಂದ ಸುಲಿದ ಅಡಿಕೆ ತೆಗೆದು ಮೇಜಿನ ಮೇಲಿಟ್ಟರು. ಮೂರು ಅಡಿಕೆ ಅಂದರೆ ಸಾಮಾನ್ಯ ಸುಂಡಿಲಿ, ಸುಮಾರು 25-30 ಗ್ರಾಂ. ಪಕ್ಕದಲ್ಲಿ ಒಂದೂವರೆ ಅಡಿಕೆ. ಅದು ಬೆಳವಣಿಗೆ ಹಾರ್ಮೋನಿನ ರಿಸೆಪ್ಟರನ್ನೇ (ಜೀವಕೋಶದಲ್ಲಿ ಹಾರ್ಮೋನ್ ಬಂದು ಕೂರುವ ಜಾಗ) ತೆಗೆದುಹಾಕಿದ ಸುಂಡಿಲಿ, 1997ರಲ್ಲಿ ಅಮೆರಿಕದ ಜಾನ್ ಕಾಪ್ಚಿಕ್ ಅವರ ತಂಡ ಮಾಡಿದ್ದು. ನಾವು ಎಲ್ಲಕ್ಕೂ ಇಲಿ ಅಂದುಬಿಡುತ್ತೇವೆ ಅಲ್ವಾ, ಟೀಚರ್ ಅದನ್ನು ಬಿಡುವುದಿಲ್ಲ. ಯಾಕಂದ್ರೆ 1982ರಲ್ಲಿ ಪಾಮಿಟರ್, ಬ್ರಿನ್‌ಸ್ಟರ್ ಮತ್ತವರ ಜೊತೆಗಾರರು ದೊಡ್ಡ ಇಲಿಯ ಹಾರ್ಮೋನ್ ಜೀನನ್ನು ಸುಂಡಿಲಿಯ ಭ್ರೂಣಕ್ಕೆ ಸೇರಿಸಿದ್ದರು, ಕೆಲವು ಮರಿಗಳು ಒಡಹುಟ್ಟಿದವುಗಳ ಹತ್ತಿರ ಹತ್ತಿರ ಎರಡರಷ್ಟು ಬೆಳೆದವು. ಎರಡಕ್ಕೂ ಒಂದೇ ಹೆಸರು ಹೇಳಿದರೆ ಈ ಪ್ರಯೋಗವೇ ಅರ್ಥ ಆಗುವುದಿಲ್ಲ.

ಆಮೇಲೆ ನನ್ನ ಕಡೆ ತಿರುಗಿ, “ರಿಸೆಪ್ಟರ್ ಇಲ್ಲದ ಸುಂಡಿಲಿಯ ರಕ್ತದಲ್ಲಿ ಹಾರ್ಮೋನ್ ಜಾಸ್ತಿಯೋ ಕಡಿಮೆಯೋ, ಹೇಳು ನೋಡುವ” ಅಂದರು. ಕುಳ್ಳ ಅಲ್ವಾ ಟೀಚರ್, ಕಡಿಮೆ ಅಂದೆ. ತಪ್ಪು ಅನ್ನಲಿಲ್ಲ. ಚಾಕ್ ನನ್ನ ಕೈಗೆ ಕೊಟ್ಟು ಪಿಟ್ಯುಟರಿಯಿಂದ (ಈ ಹಾರ್ಮೋನ್ ಬಿಡುವ, ಮಿದುಳಿನ ಬುಡದ ಗ್ರಂಥಿ) ಲಿವರಿಗೆ, ಲಿವರಿನಿಂದ ಐಜಿಎಫ್-1ಕ್ಕೆ (ಬೆಳವಣಿಗೆ ಹಾರ್ಮೋನ್ ಬಂದಾಗ ಲಿವರ್ ಬಿಡುವ, ಮೈ ಬೆಳೆಸುವ ಇನ್ನೊಂದು ಹಾರ್ಮೋನ್), ಅಲ್ಲಿಂದ ವಾಪಸ್ ಪಿಟ್ಯುಟರಿಗೆ ಬಾಣ ಹಾಕಿಸಿದರು. ರಿಸೆಪ್ಟರ್ ಇದ್ದ ಜಾಗವನ್ನು ಒರೆಸಲು ಹೇಳಿದರು. ಐಜಿಎಫ್-1 ಇಳಿಯಿತು, ಪಿಟ್ಯುಟರಿಗೆ ‘ಸಾಕು’ ಅನ್ನುವವರು ಯಾರೂ ಇಲ್ಲ, ಹಾಗಾಗಿ ಹಾರ್ಮೋನ್ ಏರುತ್ತಲೇ ಹೋಗುತ್ತದೆ. ಬೋರ್ಡಿನ ಮುಂದೆ ನಿಂತು ಅದು ನನಗೇ ಹೊಳೆದ ಆ ಗಳಿಗೆಗೋಸ್ಕರವೇ ಈ ಕ್ಲಾಸಿಗೆ ಪೂರ್ತಿ ಮಾರ್ಕ್ ಕೊಡಬೇಕು ಅನಿಸುತ್ತದೆ.

ಇಂಥ ಒಂದು ಸುಂಡಿಲಿ 1819 ದಿನ ಬದುಕಿ 2003ರಲ್ಲಿ ಸತ್ತಿತಂತೆ, ಐದು ವರ್ಷಕ್ಕೆ ಬರೀ ಒಂದು ವಾರ ಕಡಿಮೆ. ಲ್ಯಾಬಿನ ಸುಂಡಿಲಿಗೆ ಎರಡು, ಎರಡೂವರೆ ವರ್ಷವೇ ಹೆಚ್ಚು. ಕಾಪ್ಚಿಕ್ ತಂಡದ್ದೇ ಇನ್ನೊಂದು ಕಥೆ: ಹಸುವಿನ ಬೆಳವಣಿಗೆ ಹಾರ್ಮೋನಿನಲ್ಲಿ 119ನೇ ಜಾಗದ ಗ್ಲೈಸಿನ್ ಅನ್ನುವ ಅಮೈನೋ ಆಮ್ಲ ಬದಲಿಸಿ, ಅದರ ಜೀನನ್ನು ಸುಂಡಿಲಿಗಳಿಗೆ ಸೇರಿಸಿದಾಗ ಅವು ದೊಡ್ಡದಾಗುವ ಬದಲು ಕುಳ್ಳಾದವು, ಅದೇ ಜಾಡು ಹಿಡಿದು ಅಕ್ರೋಮೆಗಲಿಗೆ (ಬೆಳವಣಿಗೆ ಹಾರ್ಮೋನ್ ಅತಿಯಾಗಿ ಕೈಕಾಲು, ಮುಖ ದಪ್ಪವಾಗುವ ಕಾಯಿಲೆ) ಆ ಹಾರ್ಮೋನನ್ನು ತಡೆಯುವ ಪೆಗ್ವಿಸೊಮಂಟ್ ಅನ್ನುವ ಔಷಧ ಬಂತು. ಪರೀಕ್ಷೆಗೆ ಬೇಕಿಲ್ಲದಿದ್ದರೂ ಟೀಚರ್ ಇದನ್ನು ಅವಸರ ಇಲ್ಲದೆ ಹೇಳಿದರು.

ಕೊರತೆಗಳೂ ಇವೆ. ನೋಟ್ಸ್ ಫೋಟೊಕಾಪಿಯ ಫೋಟೊಕಾಪಿ, ಗ್ರಾಫಿನಲ್ಲಿ ಯಾವ ಗೆರೆ ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಮೈಕ್ರೋಸ್ಕೋಪ್ ಒಂದೂ ಇಲ್ಲ. ಒಂದು ಭಾನುವಾರ ಕ್ಲಾಸ್ ಇಲ್ಲ ಅಂತ ಮೆಸೇಜೇ ಹಾಕಲಿಲ್ಲ, ಪೆರ್ಲದಿಂದ ಬಸ್ಸಿನಲ್ಲಿ ಬಂದು ಮುಚ್ಚಿದ ಬಾಗಿಲು ನೋಡಿ ವಾಪಸ್ ಹೋದೆ, ನಿಜಕ್ಕೂ ಬೇಜಾರಾಯಿತು. ಆಫೀಸ್ ನೋಡಿಕೊಳ್ಳುವವರು ಇದನ್ನು ಸರಿ ಮಾಡಲೇಬೇಕು.

ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಸುಮ್ನೆ ಹೆದರಿ ಸಬ್ಜೆಕ್ಟ್ ಬಿಡುವ ಮೊದಲು ಒಂದು ಭಾನುವಾರ ಬಂದು ಕೂತು ನೋಡಿ. ಮುಂದಿನ ಬೆಂಚಿನಲ್ಲಿ ಕೂರಿ, ಫ್ಯಾನಿನ ಸದ್ದಿಗೆ ಹಿಂದೆ ಏನೂ ಕೇಳಿಸುವುದಿಲ್ಲ.