ಎದೆಗೆ ಕಟ್ಟುವ ಪಟ್ಟಿ ಒಳ್ಳೆಯದು, ಆ್ಯಪ್ ಅಷ್ಟಕ್ಕಷ್ಟೆ

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವಳು ನಾನು. ರಾಶಿ ಇಡಿ ಎಂಬ ಬಗೆಯ ಅಡಿಕೆಯ ರೇಟು ಬಿದ್ದ ದಿನ ರೈತರ ಸಿಟ್ಟೆಲ್ಲ ನೇರ ನನ್ನ ಮೇಜಿಗೇ ಬರುತ್ತದೆ. ರೇಟು ಕಟ್ಟುವವಳು ನಾನಲ್ಲ ಎಂದರೆ ಕೇಳುವವರಾರು? ಸಂಜೆ ಮನೆಗೆ ಬಂದರೂ ಎದೆ ಡವಡವ. ಡಾಕ್ಟರ್ ಇಸಿಜಿ ಮಾಡಿಸಿ, ಹೃದಯಕ್ಕೇನೂ ಆಗಿಲ್ಲ, ಉಸಿರಾಟದ ಅಭ್ಯಾಸ ಮಾಡಿ ಎಂದರು. ತಮ್ಮ ಈ ಹಾರ್ಟ್ ರೇಟ್ ಪಟ್ಟಿ ತರಿಸಿಕೊಟ್ಟ. ಜೊತೆಗೊಂದು ಆ್ಯಪ್.

ಸ್ಮಾರ್ಟ್ ವಾಚಿನ ಹಾಗೆ ಇದು ಬೆಳಕು ಬಿಟ್ಟು ನಾಡಿ ಹುಡುಕುವುದಿಲ್ಲ. ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಒಳಭಾಗಕ್ಕೆ ನೀರು ಹಚ್ಚಿಕೊಳ್ಳಬೇಕು, ಒಣಗಿದ್ದರೆ ಫೋನಿನಲ್ಲಿ ಕಾಣುವ ಬಡಿತದ ಗೆರೆ ಎಲ್ಲೆಲ್ಲೋ ಹಾರುತ್ತದೆ. ಬಿಗಿ ಮಾಡಿದರೆ ಕಚ್ಚುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ.

ಆದರೆ ಆ ಗೆರೆ ನೋಡುವುದಿದೆಯಲ್ಲ, ಅಲ್ಲೇ ದುಡ್ಡು ವಸೂಲು. ಉಸಿರು ಎಳೆದುಕೊಂಡಾಗ ಬಡಿತ ಏರುತ್ತದೆ: 78, 82, 85. ಬಿಡುತ್ತಾ ಹೋದರೆ ಇಳಿಯುತ್ತದೆ: 76, 72. ಕಣ್ಣೆದುರೇ! ವೇಗಸ್ ನರ ಹೃದಯದ ಬ್ರೇಕು. ಉಸಿರು ಬಿಡುವಾಗ ಅದರ ಹಿಡಿತ ಜಾಸ್ತಿ, ಎಳೆಯುವಾಗ ಕಡಿಮೆ. ಅದಕ್ಕೇ ಆ್ಯಪ್ 4 ಸೆಕೆಂಡ್ ಒಳಗೆ, 6 ಸೆಕೆಂಡ್ ಹೊರಗೆ ಅನ್ನುತ್ತದೆ. ನಿಮಿಷಕ್ಕೆ 6 ಉಸಿರು. ಸುಮ್ನೆ ಕೂತಾಗ ನಾವು 12ರಿಂದ 20 ಸಲ ಉಸಿರಾಡುತ್ತೇವೆ. ದೊಡ್ಡದಾಗಿ ಉಸಿರು ತಗೋ ಅಂತ ಎಲ್ಲರೂ ಹೇಳುತ್ತಾರೆ, ಬಿಡುವುದರ ಮಾತು ಯಾರೂ ಎತ್ತುವುದಿಲ್ಲ. ಕೆಲಸ ಇರುವುದೇ ಅಲ್ಲಿ. ಅಮ್ಮ ಭ್ರಾಮರಿ ಪ್ರಾಣಾಯಾಮ ಮಾಡುವಾಗ ಪಟ್ಟಿ ಕಟ್ಟಿ ನೋಡಿದೆ. ಒಂದೊಂದು ಸಲ ಗುಂಯ್‌ಗುಟ್ಟಿದಾಗಲೂ ಗೆರೆ ಇಳಿಯಿತು. ಅಮ್ಮನಿಗೆ ಅದೇನೂ ದೊಡ್ಡ ಸುದ್ದಿ ಅನ್ನಿಸಲಿಲ್ಲ.

ಮಂಡಿಗೆ ಪಟ್ಟಿ ಕಟ್ಟಿಕೊಂಡು ಹೋಗುವುದಿಲ್ಲ. ಕೂಗಾಟ ಶುರುವಾದರೆ ರಸೀದಿ ಪುಸ್ತಕ ಹುಡುಕುವ ನೆಪದಲ್ಲಿ ನಿಧಾನಕ್ಕೆ ಉಸಿರು ಬಿಡುತ್ತೇನೆ. ರೈತರ ಸಿಟ್ಟೇನೂ ಇಳಿಯುವುದಿಲ್ಲ, ನನ್ನ ಕೈ ನಡುಕ ಇಳಿಯುತ್ತದೆ. ಆಮೇಲೆ ಕೂಡುವ ಲೆಕ್ಕ ತಪ್ಪುವುದಿಲ್ಲ.

ತಕರಾರು ಇರುವುದು ಆ್ಯಪ್ ಮೇಲೆ. ಬೆಳಿಗ್ಗೆ ಅಳತೆ ತೆಗೆದರೆ 'ಸ್ಟ್ರೆಸ್ ಸ್ಕೋರ್' ತೋರಿಸುತ್ತದೆ. ಚೆನ್ನಾಗಿ ನಿದ್ದೆ ಮಾಡಿ ಎದ್ದವಳಿಗೆ ಇವತ್ತು ನಿಮಗೆ ಒತ್ತಡ ಜಾಸ್ತಿ ಅಂದರೆ, ಟೆನ್ಷನ್ ಅಲ್ಲಿಂದಲೇ ಶುರು ಅಲ್ವಾ? ಜೋರುಜೋರಾಗಿ ಉಸಿರಾಡಿಸುವ 'ಎನರ್ಜಿ' ಅಭ್ಯಾಸ ಬೇರೆ ಇದೆ. ಹಾಗೆ ಮಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ತಿರುಗಬಹುದು, ಬೆರಳು ಜುಮ್ಮೆನ್ನಬಹುದು. ಗಾಬರಿ ಸ್ವಭಾವದವರಿಗೆ ಅದು ಬೇಡವೇ ಬೇಡ. ಎಚ್ಚರಿಕೆಯ ಒಂದು ಸಾಲೂ ಹಾಕಿಲ್ಲ ಮಹಾನುಭಾವರು. ಕನ್ನಡ ದನಿಯಿಲ್ಲ. ವರ್ಷದ ಚಂದಾ ನೋಡಿದರೆ ಪಟ್ಟಿಯ ಅರ್ಧ ಬೆಲೆ.

ಕೊಳ್ಳುವುದಾದರೆ ಪಟ್ಟಿ ಮಾತ್ರ ಕೊಳ್ಳಿ. ಗೆರೆ ತೋರಿಸುವ ಯಾವುದಾದರೂ ಉಚಿತ ಆ್ಯಪ್ ಸಾಕು. ನಿದ್ದೆಯೇ ಬಾರದಷ್ಟು, ಕೆಲಸಕ್ಕೆ ಹೋಗಲಾರದಷ್ಟು ಕಷ್ಟವಾಗಿದ್ದರೆ ಇದರ ಗೊಡವೆಗೆ ಹೋಗದೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಅದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.