ಬ್ರೆಲೂಮ್: ನಿದ್ದೆ ಬರಿಸಿ ಗುದ್ದುವ ಅಣಬೆಯ ದೀರ್ಘಕಾಲದ ಬಳಕೆಯ ವಿಮರ್ಶೆ

ಪೋಕೆಮಾನ್ ವಿಡಿಯೋ ಆಟಗಳಲ್ಲಿ ನಾವು ಹಿಡಿದು, ಬೆಳೆಸಿ, ಸರದಿಯಂತೆ ಕಾಳಗಕ್ಕಿಳಿಸುವ ಪ್ರಾಣಿಗಳಿಗೂ ಪೋಕೆಮಾನ್ ಎಂದೇ ಹೆಸರು. ಗ್ರಾಸ್ (ಸಸ್ಯ) ಮತ್ತು ಫೈಟಿಂಗ್ (ಕಾದಾಟ) ಎಂಬೆರಡು ಟೈಪ್‌ಗಳನ್ನು, ಅಂದರೆ ವರ್ಗಗಳನ್ನು, ಒಟ್ಟಿಗೆ ಹೊಂದಿದ ಮೊದಲ ಪೋಕೆಮಾನ್ ಬ್ರೆಲೂಮ್. 2002ರಲ್ಲಿ ಜಪಾನಿನಲ್ಲಿ, ಮರುವರ್ಷ ಇತರ ದೇಶಗಳಲ್ಲಿ ಬಿಡುಗಡೆಯಾದ ರೂಬಿ ಮತ್ತು ಸಫೈರ್ ಆಟಗಳ ಜೊತೆಗೆ ಅದು ಬಂತು. ಗೇಮ್ ಬಾಯ್ ಅಡ್ವಾನ್ಸ್‌ನ ಆ ಕಾಲದಿಂದ ಇಂದಿನ ಸ್ವಿಚ್‌ವರೆಗೆ, ಅದು ಸಿಗುವ ಆಟಗಳಲ್ಲೆಲ್ಲ ನನ್ನ ತಂಡದ ಆರು ಸ್ಥಾನಗಳಲ್ಲಿ ಒಂದನ್ನು ಅದಕ್ಕೇ ಮೀಸಲಿಡುತ್ತಾ ಬಂದಿದ್ದೇನೆ. ಬಹಳ ಜನ ಅದರ ಅಟ್ಯಾಕ್ ಅಂಕಿಯನ್ನು ನೋಡಿ ಮರುಳಾಗಿ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಮೊದಲ ಹಕ್ಕಿ ಎದುರಾದ ಕೂಡಲೇ ಅದು ನೆಲಕಚ್ಚುವುದನ್ನು ಕಂಡು ಬಳಸದವನ್ನು ಇಡುವ ಬಾಕ್ಸ್‌ಗೆ ಹಾಕಿ ಮರೆತುಬಿಡುತ್ತಾರೆ. ನನ್ನ ಅನುಭವದಲ್ಲಿ ಬ್ರೆಲೂಮ್‌ನ ಬೆಲೆ ಅದರ ಗುದ್ದಿಗಿಂತ ಹೆಚ್ಚಾಗಿ ಎದುರಾಳಿಯ ಸರದಿಯನ್ನು ಕಸಿದುಕೊಳ್ಳುವ ಗುಣದಲ್ಲಿದೆ, ಮತ್ತು ಯಾವ ಆಟದಲ್ಲಿ ಅದನ್ನು ಬಳಸುತ್ತಿದ್ದೇವೆ ಎಂಬುದರ ಮೇಲೆ ಆ ಬೆಲೆ ಬಹಳಷ್ಟು ಏರಿಳಿಯುತ್ತದೆ.

ಅಂಕಿಗಳನ್ನು ನೋಡಿದರೆ ಇದರ ಸ್ವಭಾವ ಅರ್ಥವಾಗುತ್ತದೆ. ಎಚ್‌ಪಿ (ಜೀವಬಲ) 60, ಅಟ್ಯಾಕ್ 130, ಡಿಫೆನ್ಸ್ 80, ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೆಷಲ್ ಡಿಫೆನ್ಸ್ ತಲಾ 60, ಸ್ಪೀಡ್ 70, ಒಟ್ಟು 460. ಇದ್ದಬದ್ದ ಬಲವನ್ನೆಲ್ಲ ಒಂದೇ ಕಡೆ ಸುರಿದು, ಉಳಿದದ್ದನ್ನು ಕೈಬಿಟ್ಟ ಹಂಚಿಕೆ ಇದು. ನೀರು, ವಿದ್ಯುತ್, ನೆಲ, ಬಂಡೆ, ಗ್ರಾಸ್, ಡಾರ್ಕ್ ಟೈಪ್‌ಗಳ ಹೊಡೆತ ಇದಕ್ಕೆ ಅರ್ಧ ಮಾತ್ರ ತಗಲುತ್ತದೆ. ಆದರೆ ಬೆಂಕಿ, ಹಿಮ, ವಿಷ, ಸೈಕಿಕ್ ಟೈಪ್‌ಗಳ ಹೊಡೆತ ಇಮ್ಮಡಿಯಾಗುತ್ತದೆ, ಫ್ಲೈಯಿಂಗ್ ಟೈಪ್‌ನದಂತೂ ನಾಲ್ಕು ಪಟ್ಟಾಗುತ್ತದೆ. 1.2 ಮೀಟರ್ ಎತ್ತರ, 39.2 ಕಿಲೋ ತೂಕ, ತಲೆಯ ಮೇಲೆ ಕೊಡೆಯಂಥ ಟೋಪಿ, ಬಾಲದ ತುದಿಯಲ್ಲಿ ಗಟ್ಟಿಯಾದ ವಿಷಬೀಜಕಗಳು, ಚಾಚಿ ಗುದ್ದಬಲ್ಲ ಉದ್ದುದ್ದ ಕೈಗಳು. ಅಣಬೆ ಸಸ್ಯವೇ ಅಲ್ಲ, ಅದು ಶಿಲೀಂಧ್ರ ಎಂದು ಜೀವವಿಜ್ಞಾನ ಓದಿದವರು ತಕರಾರು ತೆಗೆಯಬಹುದು. ಆಟದ ಲೆಕ್ಕದಲ್ಲಿ ಶಿಲೀಂಧ್ರಗಳಿಗೆ ಬೇರೆ ಟೈಪ್ ಇಲ್ಲದ ಕಾರಣ ಅವೆಲ್ಲ ಗ್ರಾಸ್‌ನ ಜಮೆಗೇ ಸೇರಿವೆ.

ಮೂಲ ರೂಬಿ ಮತ್ತು ಸಫೈರ್‌ನಲ್ಲಿ ಇದರ ಮರಿರೂಪವಾದ ಶ್ರೂಮಿಶ್ ಪೆಟಲ್‌ಬರ್ಗ್ ಕಾಡಿನಲ್ಲಿ, ಅಂದರೆ ಮೊದಲ ಜಿಮ್‌ಗೂ (ಕಥೆಯಲ್ಲಿ ಒಂದಾದ ಮೇಲೊಂದರಂತೆ ಗೆಲ್ಲಬೇಕಾದ ಅಖಾಡ) ಮುಂಚೆಯೇ ಸಿಗುತ್ತದೆ. 23ನೇ ಲೆವೆಲ್‌ನಲ್ಲಿ ಅದು ಬ್ರೆಲೂಮ್ ಆಗುತ್ತದೆ. ಇಲ್ಲಿಯೇ ಈ ಪ್ರಾಣಿಯ ನಿಜವಾದ ಸಂದಿಗ್ಧ ಇರುವುದು. ಎದುರಾಳಿಯನ್ನು ತಪ್ಪದೆ ನಿದ್ದೆಗೆ ದೂಡುವ ಸ್ಪೋರ್ ಎಂಬ ಮೂವ್ (ಕಾಳಗದ ಪಟ್ಟು) ಅನ್ನು ಲೆವೆಲ್ ಏರುತ್ತಾ ಕಲಿಯುವುದು ಇವೆರಡರಲ್ಲಿ ಶ್ರೂಮಿಶ್ ಮಾತ್ರ, ಅದೂ 54ನೇ ಲೆವೆಲ್‌ನಲ್ಲಿ. ವಿಕಾಸಗೊಂಡ ಬ್ರೆಲೂಮ್‌ನ ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲವಾದ್ದರಿಂದ, ಫಾಲಾರ್ಬರ್ ಟೌನ್‌ನಲ್ಲಿ ಹಾರ್ಟ್ ಸ್ಕೇಲ್ ಎಂಬ ವಸ್ತುವನ್ನು ಪಡೆದು ಮೂವ್ ಕಲಿಸಿಕೊಡುವ ಪಾತ್ರದ ಬಳಿ ಹೋದರೂ ಪ್ರಯೋಜನವಿಲ್ಲ. ಹಾಗಾಗಿ ಪ್ರತಿ ಲೆವೆಲ್ ಏರಿದಾಗಲೂ ಬಿ ಬಟನ್ ಒತ್ತಿ ವಿಕಾಸವನ್ನು ತಡೆಯುತ್ತಾ, ಅಟ್ಯಾಕ್ 40, ಸ್ಪೀಡ್ 35 ಮಾತ್ರವಿರುವ ಒಂದು ಪುಟ್ಟ ಅಣಬೆಯನ್ನು ಆಟದ ಬಹುಭಾಗ ಹೊತ್ತು ತಿರುಗಬೇಕು. ಕಥೆಯ ಕೊನೆಯಲ್ಲಿ ಬರುವ ಚಾಂಪಿಯನ್ ಸ್ಟೀವನ್‌ನ ಮೆಟಾಗ್ರಾಸ್‌ನ ಲೆವೆಲ್ಲೇ 58 ಎಂದ ಮೇಲೆ, 54 ಎಂದರೆ ಹೆಚ್ಚುಕಡಿಮೆ ಕಥೆ ಮುಗಿದ ಮೇಲಿನ ಮಾತು. ಅನುಭವಾಂಕಗಳ ಲೆಕ್ಕವೂ ವಿಚಿತ್ರವಾಗಿದೆ: ಶ್ರೂಮಿಶ್ ಆರಂಭದ ಲೆವೆಲ್‌ಗಳನ್ನು ಇತರರಿಗಿಂತ ಬೇಗ ಏರುತ್ತದೆ, ಆಮೇಲೆ ನಿಧಾನವಾಗುತ್ತಾ ಹೋಗಿ 100ನೇ ಲೆವೆಲ್ ಮುಟ್ಟಲು 16,40,000 ಅಂಕಗಳನ್ನು ಕೇಳುತ್ತದೆ, ಸಾಮಾನ್ಯ ವೇಗದಲ್ಲಿ ಬೆಳೆಯುವ ಪೋಕೆಮಾನ್‌ಗಳಿಗೆ ಬೇಕಾಗುವುದು 10,00,000 ಮಾತ್ರ.

ಕಥೆಯನ್ನಷ್ಟೇ ಆಡುವವರಿಗೆ ನನ್ನ ಸಲಹೆ ಸರಳ: 23ಕ್ಕೇ ವಿಕಾಸಗೊಳ್ಳಲು ಬಿಡಿ. ಶ್ರೂಮಿಶ್ 7ನೇ ಲೆವೆಲ್‌ನಲ್ಲಿ ಕಲಿಯುವ, ಎದುರಾಳಿಗೆ ಪಾರ್ಶ್ವವಾಯು ತರುವ ಸ್ಟನ್ ಸ್ಪೋರ್ ಮತ್ತು 10ರಲ್ಲಿ ಕಲಿಯುವ, ಸರದಿ ಸರದಿಗೂ ಎದುರಾಳಿಯ ಎಚ್‌ಪಿ ಹೀರುವ ಲೀಚ್ ಸೀಡ್ ಅಷ್ಟು ಹೊತ್ತಿಗೆ ಕೈಯಲ್ಲಿರುತ್ತವೆ. ಫೈಟಿಂಗ್ ಟೈಪ್‌ನ ಮ್ಯಾಕ್ ಪಂಚ್ ವಿಕಾಸದ ಜೊತೆಗೇ ಬರುತ್ತದೆ. 36ರಲ್ಲಿ ಸ್ಕೈ ಅಪ್ಪರ್‌ಕಟ್ ಸೇರಿಕೊಳ್ಳುತ್ತದೆ. ಕಥೆ ಮುಗಿದ ಮೇಲೂ ಆಡುವ ಮನಸ್ಸಿದ್ದರೆ ಇನ್ನೊಂದು ಶ್ರೂಮಿಶ್ ಅನ್ನು 54ರವರೆಗೆ ತಡೆದು, ಸ್ಪೋರ್ ಕಲಿಸಿ, 55ಕ್ಕೆ ವಿಕಾಸಗೊಳಿಸಿ, ಕೈತಪ್ಪಿದ ಮ್ಯಾಕ್ ಪಂಚ್ ಮತ್ತು ಸ್ಕೈ ಅಪ್ಪರ್‌ಕಟ್‌ಗಳನ್ನು ಫಾಲಾರ್ಬರ್‌ನಲ್ಲಿ ಹಾರ್ಟ್ ಸ್ಕೇಲ್ ತೆತ್ತು ಮರಳಿ ಪಡೆಯಬಹುದು. ಇಷ್ಟು ಕಷ್ಟಪಟ್ಟು ಸ್ಪೋರ್ ತಿಳಿದ ಜೋಡಿಯೊಂದನ್ನು ಬೆಳೆಸಿಕೊಂಡವರು ಅವೆರಡನ್ನೂ ಮರಿ ಮಾಡಿಸುವ ಡೇ ಕೇರ್‌ಗೆ ಬಿಟ್ಟರೆ, ತಂದೆತಾಯಿ ಇಬ್ಬರಿಗೂ ಗೊತ್ತಿರುವ ಮೂವ್ ಆದ್ದರಿಂದ ಮೊಟ್ಟೆಯಿಂದ ಹೊರಬರುವ ಮರಿ ಹುಟ್ಟುವಾಗಲೇ ಸ್ಪೋರ್ ಬಲ್ಲದ್ದಾಗಿರುತ್ತದೆ. ಆಮೇಲೆ ಬಿ ಬಟನ್‌ನ ಕಾಟವಿಲ್ಲ.

ರೂಬಿ ಮತ್ತು ಸಫೈರ್‌ನ ಕಥೆ ನಡೆಯುವ ಹೋಯೆನ್ ಪ್ರದೇಶದ ಪಯಣದಲ್ಲಿ ಇದರ ಕೆಲಸ ಎಲ್ಲಿ ಚೆನ್ನಾಗಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ಜಿಮ್‌ನ ರಾಕ್ಸ್ಯಾನ್ ಬಂಡೆ ಟೈಪ್‌ನವಳು. ಶ್ರೂಮಿಶ್‌ನ ಅಬ್ಸಾರ್ಬ್ ಅಲ್ಲಿಗೆ ಸಾಕು. ಮೂರನೆಯ ಜಿಮ್‌ನ ವಾಟ್ಸನ್‌ನ ಮ್ಯಾಗ್ನೆಟಾನ್ ಉಕ್ಕಿನ ಟೈಪ್ ಕೂಡ ಆಗಿರುವುದರಿಂದ ಆಗಷ್ಟೇ ಕಲಿತ ಮ್ಯಾಕ್ ಪಂಚ್ ಅದಕ್ಕೆ ಇಮ್ಮಡಿಯಾಗಿ ತಗಲುತ್ತದೆ. ಐದನೆಯ ಜಿಮ್‌ನಲ್ಲಿ ನಾರ್ಮನ್‌ನ ಸ್ಲೇಕಿಂಗ್ ಎದುರು ಸೋತು ಕುಳಿತವರು ಎಷ್ಟೋ ಮಂದಿ. 160ರ ಅಟ್ಯಾಕ್ ಇರುವ ಆ ಸೋಮಾರಿ ದೈತ್ಯ ಒಂದು ಸರದಿ ಬಿಟ್ಟು ಒಂದು ಸರದಿ ಸುಮ್ಮನಿರುತ್ತದೆ. ಅದು ಸುಮ್ಮನಿರುವ ಸರದಿಗಳಲ್ಲಿ ಲೀಚ್ ಸೀಡ್ ಹಾಕಿ ಗುದ್ದುತ್ತಾ ಹೋದರೆ, ಮತ್ತೆ ಮತ್ತೆ ಆಡಿದರೂ ಬೇಸರ ತರಿಸದ ಸೊಗಸಾದ ಕಾಳಗವಾಗುತ್ತದೆ. ಆರನೆಯ ಜಿಮ್‌ನ ವಿನೋನಾ ಹಕ್ಕಿಗಳ ಒಡತಿ. ಅಲ್ಲಿ ಬ್ರೆಲೂಮ್ ಅನ್ನು ಹೊರಗೆ ಬಿಡುವುದೇ ಬೇಡ. ಕಥೆಯ ಖಳರಾದ ಟೀಮ್ ಮ್ಯಾಗ್ಮಾ ಮತ್ತು ಟೀಮ್ ಆಕ್ವಾ ಗುಂಪಿನವರ ಪೂಚಿಯೇನಾ, ಮೈಟಿಯೇನಾಗಳನ್ನು ಇದು ಲೀಲಾಜಾಲವಾಗಿ ಉರುಳಿಸುತ್ತದೆ, ಅವರ ಜೂಬ್ಯಾಟ್, ಗೋಲ್‌ಬ್ಯಾಟ್‌ಗಳ ಎದುರು ಮಾತ್ರ ಏನೂ ಮಾಡಲಾರದು. ವಿಷ ಮತ್ತು ಫ್ಲೈಯಿಂಗ್ ಎರಡೂ ಇರುವ ಅವುಗಳಿಗೆ ಗ್ರಾಸ್ ಹೊಡೆತವೂ ಫೈಟಿಂಗ್ ಹೊಡೆತವೂ ಕಾಲು ಭಾಗ ಮಾತ್ರ ತಗಲುತ್ತವೆ. ಆಟದ ಉತ್ತರಾರ್ಧದ ಸಮುದ್ರಮಾರ್ಗಗಳಲ್ಲಿ ಹೆಜ್ಜೆಹೆಜ್ಜೆಗೂ ಅಡ್ಡ ಬರುವ ವಿಂಗಲ್, ಪೆಲಿಪರ್, ಟೆಂಟಕ್ರೂಯೆಲ್‌ಗಳ ನಡುವೆಯೂ ಇದಕ್ಕೆ ಕೆಲಸವಿಲ್ಲ. ನೀರಿನ ಮೇಲೆ ಗ್ರಾಸ್ ಟೈಪ್ ರಾಜನಾಗಬೇಕಿತ್ತಲ್ಲ ಎಂದುಕೊಂಡು ಹೊರಟವರಿಗೆ ಇದು ದೊಡ್ಡ ನಿರಾಸೆ. ಕೊನೆಗೆ ಎದುರಾಗುವ ಎಲೀಟ್ ಫೋರ್ ಎಂಬ ನಾಲ್ವರು ಮತ್ತು ಚಾಂಪಿಯನ್ ಎದುರು ಮತ್ತೆ ಇದರ ದಿನ ಬರುತ್ತದೆ: ಸಿಡ್ನಿಯ ಡಾರ್ಕ್ ತಂಡ, ಗ್ಲೇಸಿಯಾಳ ಗ್ಲೇಲಿ ಮತ್ತು ವಾಲ್ರೈನ್, ಸ್ಟೀವನ್‌ನ ಆಗ್ರಾನ್ ಎಲ್ಲವೂ ಫೈಟಿಂಗ್ ಹೊಡೆತಕ್ಕೆ ಬಾಗುತ್ತವೆ. ಆಗ್ರಾನ್‌ಗಂತೂ ಅದು ನಾಲ್ಕು ಪಟ್ಟು.

ಆ ಮೊದಲ ಆಟಗಳಲ್ಲಿ ಇನ್ನೊಂದು ಕೊರತೆಯಿತ್ತು. ಮೂವ್‌ನ ಟೈಪ್ ನೋಡಿಯೇ ಅದು ಅಟ್ಯಾಕ್‌ನಿಂದ ಬರುತ್ತದೋ ಸ್ಪೆಷಲ್ ಅಟ್ಯಾಕ್‌ನಿಂದ ಬರುತ್ತದೋ ಎಂದು ಆಟ ನಿರ್ಧರಿಸುತ್ತಿತ್ತು. ಗ್ರಾಸ್ ಪೂರ್ತಿಯಾಗಿ ಸ್ಪೆಷಲ್ ಪಾಲಿಗೆ ಹೋಗಿತ್ತು. ಹಾಗಾಗಿ ಬ್ರೆಲೂಮ್‌ನ ಗ್ರಾಸ್ ಹೊಡೆತಗಳೆಲ್ಲ 60ರ ದುರ್ಬಲ ಅಂಕಿಯಿಂದ ಹೊರಡುತ್ತಿದ್ದವು, 130 ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಿತ್ತು. 2006ರ ಡೈಮಂಡ್ ಮತ್ತು ಪರ್ಲ್ ಆಟಗಳು ಪ್ರತಿ ಮೂವ್‌ಗೂ ಪ್ರತ್ಯೇಕವಾಗಿ ಈ ವಿಂಗಡಣೆ ಮಾಡಿದ ಮೇಲೆ, 80ರ ಬಲದ ಸೀಡ್ ಬಾಂಬ್ ಅಟ್ಯಾಕ್‌ನಿಂದಲೇ ಹೊರಟಿತು. ಬ್ರೆಲೂಮ್ ನಿಜಕ್ಕೂ ಎರಡು ಟೈಪ್‌ಗಳ ಪೋಕೆಮಾನ್ ಆದದ್ದು ಆಗಲೇ ಎಂದು ನಾನು ಹೇಳುತ್ತೇನೆ.

ಅದೇ ಆಟಗಳು ಕೊಟ್ಟ ಪಾಯಿಸನ್ ಹೀಲ್ ಎಂಬ ಅಬಿಲಿಟಿ (ತಾನಾಗಿಯೇ ಕೆಲಸ ಮಾಡುವ ಹುಟ್ಟುಗುಣ) ನನಗೆ ಇಂದಿಗೂ ಎಲ್ಲಕ್ಕಿಂತ ಇಷ್ಟ. ವಿಷವೇರಿದಾಗ ಎಚ್‌ಪಿ ಇಳಿಯುವ ಬದಲು ಪ್ರತಿ ಸರದಿಯ ಕೊನೆಗೆ ಎಂಟನೇ ಒಂದು ಭಾಗ ಏರುತ್ತದೆ. ಧರಿಸಿದವರಿಗೆ ತಾನೇ ವಿಷವೇರಿಸುವ ಟಾಕ್ಸಿಕ್ ಆರ್ಬ್ ಅನ್ನು ಬ್ರೆಲೂಮ್‌ಗೆ ಕೊಟ್ಟರೆ, ಒಮ್ಮೆ ವಿಷವೇರಿದ ಮೇಲೆ ಬೇರೆ ಯಾವ ಪಾರ್ಶ್ವವಾಯುವೂ ಸುಟ್ಟಗಾಯವೂ ನಿದ್ದೆಯೂ ಅದಕ್ಕೆ ಅಂಟುವುದಿಲ್ಲ. ಇದರ ಮೇಲೆ ಕಟ್ಟುವ ಆಟ ಹೀಗಿರುತ್ತದೆ: ಸ್ಪೋರ್‌ನಿಂದ ಎದುರಾಳಿಯನ್ನು ಮಲಗಿಸುವುದು, ಅದು ಮಲಗಿರುವಾಗ ಕಾಲು ಭಾಗ ಎಚ್‌ಪಿ ತೆತ್ತು ಸಬ್ಸ್ಟಿಟ್ಯೂಟ್ ಎಂಬ ಗೊಂಬೆಯನ್ನು ಎದುರಿಗೆ ನಿಲ್ಲಿಸುವುದು, ಆಮೇಲೆ ಗೊಂಬೆಯ ಮರೆಯಿಂದ 150ರ ಬಲದ ಫೋಕಸ್ ಪಂಚ್ ಹೊಡೆಯುವುದು. ಆ ಗುದ್ದು ಸರದಿಯ ಕೊನೆಯಲ್ಲಿ ಬೀಳುವಂಥದ್ದು, ಅಷ್ಟರೊಳಗೆ ಪೆಟ್ಟು ತಿಂದರೆ ವಿಫಲವಾಗುವಂಥದ್ದು. ಆದರೆ ಪೆಟ್ಟನ್ನು ಗೊಂಬೆ ತಿನ್ನುವವರೆಗೆ ಬ್ರೆಲೂಮ್‌ನ ಏಕಾಗ್ರತೆ ಕದಡುವುದಿಲ್ಲ. ಗೊಂಬೆಗೆ ತೆತ್ತ ಎಚ್‌ಪಿಯನ್ನು ಪಾಯಿಸನ್ ಹೀಲ್ ಎರಡೇ ಸರದಿಗಳಲ್ಲಿ ತುಂಬಿಕೊಡುತ್ತದೆ. ನಾಲ್ಕನೆಯ ಮೂವ್ ಲೀಚ್ ಸೀಡ್ ಆದರೆ ಇನ್ನೂ ಬೇಗ. ಎಚ್‌ಪಿ 60 ಇರುವ ದುರ್ಬಲ ಪ್ರಾಣಿಯೊಂದು ಕಣದಲ್ಲಿ ಹೀಗೆ ತಳವೂರುವುದನ್ನು ನೋಡುವುದರಲ್ಲಿ ಬೇರೆಯೇ ಖುಷಿಯಿದೆ. ಎದುರಿಗೆ ಕುಳಿತವರಿಗೆ ಖುಷಿಯಾಗುವುದಿಲ್ಲ, ಅದು ನಿಜ. ಅಭಿಮಾನಿಗಳು ನಡೆಸುವ ಸ್ಪರ್ಧೆಗಳಲ್ಲಿ ಒಂದು ತಂಡದಲ್ಲಿ ಒಂದಕ್ಕಿಂತ ಹೆಚ್ಚು ಪೋಕೆಮಾನ್‌ಗಳನ್ನು ಏಕಕಾಲಕ್ಕೆ ಮಲಗಿಸಬಾರದು ಎಂಬ ನಿಯಮ ಬಹುಕಾಲ ಚಾಲ್ತಿಯಲ್ಲಿದ್ದುದು ಇಂಥ ಆಟಗಾರರ ಕಾಟದಿಂದಲೇ, ಮತ್ತು ಆ ನಿಯಮ ನ್ಯಾಯವಾದದ್ದೇ.

2010ರ ಬ್ಲ್ಯಾಕ್ ಮತ್ತು ವೈಟ್‌ನೊಂದಿಗೆ ಗುಪ್ತ ಅಬಿಲಿಟಿಗಳು ಬಂದವು. ಬ್ರೆಲೂಮ್‌ಗೆ ಸಿಕ್ಕಿದ್ದು ಟೆಕ್ನಿಷಿಯನ್. 60 ಅಥವಾ ಅದಕ್ಕಿಂತ ಕಡಿಮೆ ಬಲದ ಮೂವ್‌ಗಳನ್ನು ಅದು ಒಂದೂವರೆ ಪಟ್ಟು ಮಾಡುತ್ತದೆ. ವೇಗ ಎಷ್ಟೇ ಇರಲಿ ಮೊದಲು ಬೀಳುವ ಮ್ಯಾಕ್ ಪಂಚ್ 40ರಿಂದ 60ಕ್ಕೇರಿತು. ಅದೇ ಆಟಗಳಲ್ಲಿ ಬುಲೆಟ್ ಸೀಡ್‌ನ ಒಂದೊಂದು ಏಟಿನ ಬಲವೂ 10ರಿಂದ 25ಕ್ಕೆ ಹೆಚ್ಚಿದ್ದರಿಂದ, ಎರಡರಿಂದ ಐದು ಬಾರಿ ಬೀಳುವ ಆ ಮೂವ್ ಗೊಂಬೆಯನ್ನೂ, ಒಂದೇ ಪೆಟ್ಟಿಗೆ ಬೀಳದಂತೆ ಕಾಯುವ ಫೋಕಸ್ ಸ್ಯಾಶ್ ಎಂಬ ವಸ್ತುವನ್ನೂ ಒಡೆದು ಒಳನುಗ್ಗುವ ಅಸ್ತ್ರವಾಯಿತು. ಮೇಲಾಗಿ, ಮಲಗಿದ ಪೋಕೆಮಾನ್ ಹಿಂದೆ ಸರಿದು ಮತ್ತೆ ಬಂದರೆ ನಿದ್ದೆಯ ಎಣಿಕೆ ಮೊದಲಿನಿಂದ ಶುರುವಾಗುವ ನಿಯಮ ಆ ಆಟಗಳಲ್ಲಿತ್ತು. ಬ್ರೆಲೂಮ್‌ನ ಉಚ್ಛ್ರಾಯ ಕಾಲ ಅದು.

2013ರ ಎಕ್ಸ್ ಮತ್ತು ವೈ ಅದನ್ನು ಮೂರು ಕಡೆಯಿಂದ ಹಿಡಿದುಕೊಂಡವು. ಗ್ರಾಸ್ ಟೈಪ್‌ನವಕ್ಕೆ ಪುಡಿ ಮತ್ತು ಬೀಜಕಗಳ ಮೂವ್‌ಗಳು ತಟ್ಟುವುದೇ ಇಲ್ಲ ಎಂದಾಯಿತು. ಫೇರಿ ಎಂಬ ಹೊಸ ಟೈಪ್ ಮತ್ತೊಂದು ದೌರ್ಬಲ್ಯವಾಗಿ ಬಂತು. ಫ್ಲೈಯಿಂಗ್ ಮೂವ್‌ಗಳನ್ನು ಎಲ್ಲರಿಗಿಂತ ಮೊದಲು ಹೊಡೆಯುವ ಟ್ಯಾಲನ್‌ಫ್ಲೇಮ್ ಹುಟ್ಟಿಕೊಂಡಿತು. ನಾಲ್ಕು ಪಟ್ಟು ತಗಲುವ ಹೊಡೆತ, ಅದೂ ಕಣ್ಣು ಮಿಟುಕಿಸುವ ಮೊದಲು! ಸೇಫ್ಟಿ ಗಾಗಲ್ಸ್ ಧರಿಸಿದ ಯಾವ ಪೋಕೆಮಾನ್‌ಗೂ ಸ್ಪೋರ್ ತಟ್ಟದಂತಾದದ್ದೂ ಆಗಲೇ. ಆ ವರ್ಷಗಳಲ್ಲಿ ಬೇರೆಯವರೊಂದಿಗೆ ಸ್ಪರ್ಧಿಸುವಾಗ ನಾನು ಇದನ್ನು ಅಪರೂಪಕ್ಕೆ ಮಾತ್ರ ಬಳಸುತ್ತಿದ್ದೆ. 2014ರ ಒಮೆಗಾ ರೂಬಿ ಮತ್ತು ಆಲ್ಫಾ ಸಫೈರ್‌ನ ಕಥೆಯಲ್ಲಾದರೋ ಇದು ಹಳೆಯ ಊರಿಗೆ ಮರಳಿದಷ್ಟು ಹಾಯಾಗಿತ್ತು.

ಸ್ವೋರ್ಡ್ ಮತ್ತು ಶೀಲ್ಡ್‌ನಲ್ಲಿ ಬ್ರೆಲೂಮ್‌ಗೆ ಜಾಗವೇ ಸಿಗಲಿಲ್ಲ. ಮೊಬೈಲ್‌ನ ಪೋಕೆಮಾನ್ ಗೋ 2016ರ ಡಿಸೆಂಬರ್‌ನಲ್ಲಿ ಜಿಯೋ ಜೊತೆಗೂಡಿ ಭಾರತಕ್ಕೆ ಬಂತು, ಮರುವರ್ಷದ ಡಿಸೆಂಬರ್‌ನಲ್ಲಿ ಅದಕ್ಕೆ ಹೋಯೆನ್‌ನ ಪೋಕೆಮಾನ್‌ಗಳು ಸೇರಿಕೊಂಡವು. ನಮ್ಮಲ್ಲಿ ಅನೇಕರು ಬ್ರೆಲೂಮ್ ಅನ್ನು ಮೊದಲು ಕಂಡದ್ದು ಅಲ್ಲಿಯೇ ಇರಬೇಕು. ಅವರಿಗೆ ನಾನು ಹೇಳುವುದಿಷ್ಟೇ: 50 ಕ್ಯಾಂಡಿ ಕೊಟ್ಟು ವಿಕಾಸಗೊಳಿಸುವ ಆ ಬ್ರೆಲೂಮ್ ಇದರ ಅರ್ಧದಷ್ಟೂ ಅಲ್ಲ. ಗೋದಲ್ಲಿ ನಿದ್ದೆ, ವಿಷ ಮುಂತಾದ ಸ್ಥಿತಿಗಳೇ ಇಲ್ಲದಿರುವುದರಿಂದ ಅಲ್ಲಿ ಉಳಿಯುವುದು ಟೈರಾನಿಟಾರ್‌ನಂಥ ಬಲಾಢ್ಯರನ್ನು ಹಲವರು ಸೇರಿ ಎದುರಿಸುವ ರೇಡ್‌ಗೆ ಒದಗುವ, ಜೋರಾಗಿ ಹೊಡೆದು ಬೇಗ ಬೀಳುವ ಒಬ್ಬ ಕುಸ್ತಿಪಟು ಮಾತ್ರ.

2022ರ ಸ್ಕಾರ್ಲೆಟ್ ಮತ್ತು ವಯೊಲೆಟ್‌ನಲ್ಲಿ ಅದು ಮರಳಿದೆ, ಮತ್ತು ಸದ್ಯ ನಾನು ಬಳಸುತ್ತಿರುವುದು ಅಲ್ಲಿಯೇ. ಹೊಸದಾಗಿ ಬಂದ ಲೋಡೆಡ್ ಡೈಸ್ ಎಂಬ ವಸ್ತುವನ್ನು ಕೊಟ್ಟರೆ ಬುಲೆಟ್ ಸೀಡ್ ನಾಲ್ಕು ಏಟಿಗಿಂತ ಕಡಿಮೆ ಹೊಡೆಯುವುದಿಲ್ಲ. ಟೆಕ್ನಿಷಿಯನ್ ಸೇರಿದಾಗ ಒಂದೇ ಸರದಿಯಲ್ಲಿ ಕನಿಷ್ಠ 150ರ ಬಲ, ತನ್ನದೇ ಟೈಪ್‌ನ ಮೂವ್ ಆದ್ದರಿಂದ ಸಿಗುವ ಹೆಚ್ಚುವರಿ ಬಲ ಬೇರೆ. ಅಂಕಿಯಲ್ಲಿ ಇದು ಆಕರ್ಷಕವಾದರೂ, ಪ್ರತಿ ಕಡೆ ಎರಡೆರಡು ಪೋಕೆಮಾನ್ ಇಳಿಯುವ ಕಾಳಗಗಳಲ್ಲಿ ನಾನು ಫೋಕಸ್ ಸ್ಯಾಶ್ ಅನ್ನೇ ಕೊಡುತ್ತೇನೆ. ಸ್ಪೀಡ್ 70 ಇರುವ ಪ್ರಾಣಿ ಸ್ಪೋರ್ ಹಾಕಲು ಮೊದಲು ಒಂದು ಪೆಟ್ಟನ್ನು ತಾಳಿಕೊಳ್ಳಲೇಬೇಕು. ಜೊತೆಗಾರ ಎದುರಾಳಿಗಳ ವೇಗ ತಗ್ಗಿಸುವಂಥದ್ದಾದರೆ ಉತ್ತಮ. ಹಾರುವ ಎದುರಾಳಿಗಳಿಗಾಗಿ ರಾಕ್ ಟೂಂಬ್ ಇರಲಿ: 60ರ ಅದರ ಬಲ ಟೆಕ್ನಿಷಿಯನ್‌ನಿಂದ 90 ಆಗುತ್ತದೆ, ಪೆಟ್ಟು ತಿಂದವರ ವೇಗವೂ ಇಳಿಯುತ್ತದೆ. ಈ ಆಟದಲ್ಲಿ ಎದುರಿಗಿರುವ ಯಾವುದೇ ಪೋಕೆಮಾನ್ ಟೆರಾಸ್ಟಲ್ ಆಗಿ ತನ್ನ ಟೈಪ್ ಬದಲಿಸಿಕೊಳ್ಳಬಹುದು. ಅದು ಗ್ರಾಸ್ ಆಗಿಬಿಟ್ಟರೆ ಸ್ಪೋರ್ ವ್ಯರ್ಥ. ಆದ್ದರಿಂದ ಎದುರಾಳಿ ತನ್ನ ಟೆರಾ ಬಳಸುವವರೆಗೆ ಮುಖ್ಯ ಗುರಿಯ ಮೇಲೆ ಸ್ಪೋರ್ ಹಾಕದೆ, ಮ್ಯಾಕ್ ಪಂಚ್‌ನಲ್ಲೇ ಕಾಲ ತಳ್ಳುವುದು ಈಗಿನ ನನ್ನ ರೂಢಿ.